ನ್ಯೂ ಸೌತ್ ವೇಲ್ಸ್‌ನ ತೂತು ಡಾಲರ್: ನಡುವಿನ ಬೆಳ್ಳಿ ತೆಗೆದದ್ದೇಕೆ?

ಬಿಡಿಕಾಸು:
1813ರ ತೂತು ಡಾಲರಿನ ಚಿತ್ರ ನೋಡಿದೆ. ಸ್ಪೇನಿನ ದೊರೆಯ ಮುಖವೇ ಹಾರಿಹೋಗಿದೆ! ಬೆಳ್ಳಿ ಉಳಿಸೋಕೆ ತೂತು ಹೊಡೆದರಾ, ಬೇರೆ ಕಾರಣ ಇತ್ತಾ? ಅದಕ್ಕೂ ಮೊದಲು ಸಿಡ್ನಿಯಲ್ಲಿ ರಮ್ಮೇ ದುಡ್ಡಾಗಿತ್ತು ಅಂತಾರಲ್ಲ, ಹಾಗಾದರೆ ಚಿಲ್ಲರೆ ಹೇಗೆ ಕೊಡ್ತಿದ್ರು?

ಟಂಕಸಾಲೆ:
ಬೆಳ್ಳಿ ಉಳಿಸೋಕಲ್ಲ, ನಾಣ್ಯ ಊರು ಬಿಟ್ಟು ಹೋಗದಿರಲಿ ಅಂತ. ಆಸ್ಟ್ರೇಲಿಯಾದ ಆ ಬ್ರಿಟಿಷ್ ವಸಾಹತಿಗೆ ಬಂದ ಹಡಗಿನವರು ಸರಕು ಮಾರಿ ನಗದು ಎತ್ತಿಕೊಂಡು ಹೋಗುತ್ತಿದ್ದರು. ವಾಪಸ್ ಒಯ್ಯಲು ಅಲ್ಲಿ ಬೇರೆ ಸರಕು ಅಷ್ಟಾಗಿ ಇರಲಿಲ್ಲ. 1812ರ ನವೆಂಬರ್‌ನಲ್ಲಿ ಮದ್ರಾಸಿನಿಂದ 'ಸಮರಂಗ್' ಹಡಗು 40,000 ಸ್ಪ್ಯಾನಿಷ್ ಡಾಲರ್ ತಂದಿತು. ಹಾಗೇ ಬಿಟ್ಟಿದ್ದರೆ ಅವೂ ಮುಂದಿನ ಹಡಗುಗಳನ್ನು ಹತ್ತುತ್ತಿದ್ದವು.

ಗವರ್ನರ್ ಮಕ್ವಾರಿ ಮಾಡಿಸಿದ್ದು ಇಷ್ಟು: ನಡುವಿನ ಬಿಲ್ಲೆ ಹೊಡೆದು ತೆಗೆದು, ಉಳಿದ ಬಳೆಗೆ 5 ಶಿಲ್ಲಿಂಗ್, ಬಿಲ್ಲೆಗೆ ('ಡಂಪ್' ಅಂತ ಹೆಸರು) 15 ಪೆನ್ಸ್ ಬೆಲೆ ಕಟ್ಟಿದರು. 5 ಶಿಲ್ಲಿಂಗ್‌ನ ಡಾಲರ್ ಒಟ್ಟು 6 ಶಿಲ್ಲಿಂಗ್ 3 ಪೆನ್ಸ್ ಆಯಿತು (12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್). 40,000ಕ್ಕೆ ಲೆಕ್ಕ ಹಾಕಿ: 10,000 ಪೌಂಡಿನ ಬೆಳ್ಳಿ 12,500 ಪೌಂಡ್! (ಕೆಲವು ಡಾಲರ್ ಕೆಲಸದಲ್ಲಿ ಹಾಳಾದ್ದರಿಂದ ಚೂರು ಕಡಿಮೆ.) ಹೊರಗೆ ಒಯ್ದವನಿಗೆ ಸಿಗೋದು ತೂಕದ ಬೆಳ್ಳಿಯ ಬೆಲೆ ಮಾತ್ರ. ಡಾಲರಿನ ತೂಕ ಸುಮಾರು 27 ಗ್ರಾಂ, ಬಳೆಯದು ಸುಮಾರು 21. ನಷ್ಟ ಖಚಿತ.

ಹಳೇಲೆಕ್ಕ:
ರಮ್ಮಿನ ಕಥೆ ಅರ್ಧ ನಿಜ. ಆಗ ಅಲ್ಲಿ ರಮ್ ಅಂದರೆ ಯಾವ ಕಡಕ್ ಮದ್ಯವಾದರೂ ಸರಿ, ಬಂಗಾಳದಿಂದಲೂ ಬರುತ್ತಿತ್ತು. ಸೇನಾ ಅಧಿಕಾರಿಗಳು ಸರಕನ್ನು ಸಗಟಾಗಿ ಕೊಂಡು, ಕೂಲಿಗೂ ಕಾಳಿಗೂ ಅದನ್ನೇ ಅಳೆದು ಕೊಡುತ್ತಿದ್ದರು. ಗವರ್ನರ್ ಬ್ಲೈ 1807ರಲ್ಲಿ ಈ ವಿನಿಮಯ ನಿಷೇಧಿಸಿದ. 1808ರ ಜನವರಿ 26ರಂದು ಅದೇ ಸೈನ್ಯ ಅವನನ್ನು ಕೆಳಗಿಳಿಸಿತು. ಕಾರಣ ರಮ್ಮೊಂದೇ ಅಲ್ಲ, ಜಮೀನಿನ ಜಗಳವೂ ಇತ್ತು.

ಆದರೆ ದೊಡ್ಡ ವ್ಯವಹಾರ ನಡೆದದ್ದು ಕಾಗದದ ಮೇಲೆ. ರೈತ ಗೋಧಿಯನ್ನೋ ಮಾಂಸವನ್ನೋ ಸರಕಾರಿ ಉಗ್ರಾಣಕ್ಕೆ ಹಾಕಿದರೆ ರಸೀದಿ ಸಿಗುತ್ತಿತ್ತು. ಅದು ಕೈಯಿಂದ ಕೈಗೆ ದಾಟುತ್ತಿತ್ತು. ಅಂಥವು ಒಂದಷ್ಟು ಕೂಡಿದಾಗ ಕೊಟ್ಟು ಲಂಡನ್ನಿನ ಖಜಾನೆ ಮೇಲಿನ ಹುಂಡಿ (ಅಲ್ಲಿಂದ ಹಣ ಕೊಡಿಸುವ ಪತ್ರ) ಪಡೆಯಬಹುದಿತ್ತು. ಚಿಲ್ಲರೆಗೆ ಖಾಸಗಿ ಜನ 'ಇಷ್ಟು ಹಣ ಕೊಡುತ್ತೇನೆ' ಅಂತ ಕೈಯಲ್ಲಿ ಬರೆದ ಚೀಟಿಗಳು. ತೊಂದರೆ ಇದ್ದದ್ದೇ ಇಲ್ಲಿ: ಬರೆದವನು ದಿವಾಳಿ ಎದ್ದರೆ ಚೀಟಿ ರದ್ದಿ, ಮೇಲೆ ಖೋಟಾ ಮಾಡೋದೂ ಸುಲಭ. 1817ರಲ್ಲಿ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ಬಂದ ಮೇಲಷ್ಟೇ ಸ್ವಲ್ಪ ನಂಬಿಕೆಯ ನೋಟು ಕಂಡದ್ದು.

ಬಿಡಿಕಾಸು:
ಡಾಲರ್ ಬರೋ ಮೊದಲು ಲೋಹದ ನಾಣ್ಯ ಇರಲೇ ಇಲ್ವಾ?

ಹಳೇಲೆಕ್ಕ:
ಇತ್ತು, ಸಂತೆಯ ಹಾಗೆ ಎಲ್ಲ ದೇಶದ್ದೂ. 1800ರಲ್ಲಿ ಗವರ್ನರ್ ಕಿಂಗ್ ದರಪಟ್ಟಿ ಹೊರಡಿಸಿದ: ನಮ್ಮ ವರಹ (ಅವರ ಪಗೋಡ) 8 ಶಿಲ್ಲಿಂಗ್, ರೂಪಾಯಿ ಎರಡೂವರೆ ಶಿಲ್ಲಿಂಗ್, ಸ್ಪ್ಯಾನಿಷ್ ಡಾಲರ್ 5. ಒಂದು ಔನ್ಸ್ ತೂಕದ, ಒಂದು ಪೆನ್ನಿಯ ತಾಮ್ರದ ನಾಣ್ಯಕ್ಕೆ ಎರಡು ಪೆನ್ಸ್. ಬೆಲೆ ಏರಿಸಿ ಹಿಡಿದಿಡುವ ಉಪಾಯ ಹೊಸದೇನಲ್ಲ.

ಟಂಕಸಾಲೆ:
ತಯಾರಿ ಬಗ್ಗೆ ಒಂದು ಮಾತು. ಕೆಲಸ ವಹಿಸಿದ್ದು ಯಾರಿಗೆ ಗೊತ್ತಾ? ಖೋಟಾ ನಾಣ್ಯದ ಕೇಸಲ್ಲಿ ಗಡೀಪಾರಾಗಿ ಬಂದ ವಿಲಿಯಂ ಹೆನ್ಷಾಲ್‌ಗೆ. ಟಂಕಸಾಲೆಯೇ ಇಲ್ಲದ ಊರು; ಸಲಕರಣೆಯನ್ನೂ ಅಲ್ಲೇ ಹೊಂದಿಸಬೇಕಿತ್ತು. ಅದಕ್ಕೇ 1813 ಅಂತ ಅಚ್ಚಾದ ನಾಣ್ಯ ಚಲಾವಣೆಗೆ ಬಂದದ್ದು 1814ರಲ್ಲಿ. ತೂತಿನ ಸುತ್ತ ಒಂದು ಬದಿ ವಸಾಹತಿನ ಹೆಸರು ಮತ್ತು ಇಸವಿ, ಇನ್ನೊಂದು ಬದಿ ಬೆಲೆ ಮತ್ತು ಎಲೆಯ ಕುಡಿ. ಬಿಲ್ಲೆಯ ಮೇಲೆ ಕಿರೀಟ. ಒತ್ತು ಸಾಲದೆ ಕೆಲವು ಬಿಲ್ಲೆಗಳಲ್ಲಿ ಸ್ಪೇನಿನ ಹಳೆಯ ಅಚ್ಚಿನ ಗೆರೆ ಇನ್ನೂ ಕಾಣುತ್ತದೆ. ಚಿತ್ರ ದೊಡ್ಡದು ಮಾಡಿ ನೋಡಿ, ಕೆಲವು ಬಳೆಗಳ ಎಲೆಕುಡಿಯ ನಡುವೆ ಪುಟ್ಟ 'ಎಚ್' ಇದೆ. ಹೆನ್ಷಾಲ್ ಸದ್ದಿಲ್ಲದೆ ತನ್ನ ಹೆಸರನ್ನೂ ಒತ್ತಿದ್ದಾನೆ.