ಒಂದೇ ಪಿಡಿಎಫ್, ಎರಡು ಅಂಗಡಿ, ಎರಡು ಉದ್ದದ ಸ್ಕೇಲ್ ಬಾರ್: ಯಾವುದನ್ನ ನಂಬಲಿ?

ತುಂಗಾದಡ
ನಮಸ್ಕಾರ ಎಲ್ಲರಿಗೂ. ಹಂಪಿಯಲ್ಲಿ ನಡೆದು ನೋಡುವವರಿಗೆ ಅಂತ ಒಂದು ಎ4 ನಕ್ಷೆ ಮಾಡ್ತಿದ್ದೀನಿ, ವಿರೂಪಾಕ್ಷ ಗುಡಿಯಿಂದ ವಿಜಯವಿಠ್ಠಲ ಗುಡಿವರೆಗೆ, ಅಡ್ಡ ಹಾಳೆ. ಬಳಸ್ತಿರೋದು ಓಪನ್‌ಲೇಯರ್ಸ್ (ವೆಬ್ ನಕ್ಷೆ ಮಾಡೋ ಕೋಡ್ ಲೈಬ್ರರಿ), ತಳದಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಟೈಲ್‌ಗಳು (ಚೌಕ ಚೌಕವಾಗಿ ಸಿಗೋ ನಕ್ಷೆ ಚಿತ್ರಗಳು), ಪ್ರೊಜೆಕ್ಷನ್ (ದುಂಡು ಭೂಮಿಯನ್ನ ಚಪ್ಪಟೆ ಹಾಳೆಗೆ ಇಳಿಸೋ ವಿಧಾನ) ಮಾಮೂಲಿ 3857, ಅಂದ್ರೆ ವೆಬ್ ಮರ್ಕೇಟರ್.

ಶೀರ್ಷಿಕೆ ಕೆಳಗೆ 1:10,000 ಅಂತ ನಾನೇ ಬರೆದಿದ್ದೀನಿ. ಲೆಕ್ಕ ಹೀಗೆ ಹಾಕಿದೆ: 150 ಡಿಪಿಐ (ಇಂಚಿಗೆ 150 ಪಿಕ್ಸೆಲ್) ಅಂದ್ರೆ ಒಂದು ಪಿಕ್ಸೆಲ್ 0.1693 ಮಿ.ಮೀ. ಹತ್ತು ಸಾವಿರದಿಂದ ಗುಣಿಸಿದ್ರೆ 1.693 ಮೀಟರ್. ಪಿಕ್ಸೆಲ್‌ಗೆ ಎಷ್ಟು ಮೀಟರ್ ಅಂತ ಹೇಳೋ ಸೆಟ್‌ರೆಸಲ್ಯೂಶನ್‌ಗೆ ಅದನ್ನೇ ಕೊಟ್ಟೆ. ಸ್ಕೇಲ್ ಬಾರ್ ಬಿಡಿಸೋ ಸ್ಕೇಲ್‌ಲೈನ್ ಕಂಟ್ರೋಲ್‌ನಲ್ಲಿ ಬಾರ್ ಆನ್, ಮಿನ್‌ವಿಡ್ತ್ (ಬಾರ್‌ನ ಕನಿಷ್ಠ ಉದ್ದ) 125 ಪಿಕ್ಸೆಲ್. 500 ಮೀಟರ್ ಬಾರ್ ಬಂತು. ಕಾಗದದ ಮೇಲೆ ಅದು 50 ಮಿ.ಮೀ. ಇರಬೇಕು ತಾನೇ?

ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿ ಪ್ರಿಂಟಲ್ಲಿ ಅಡಿಪಟ್ಟಿ ಇಟ್ಟರೆ ಸರಿಯಾಗಿ 50. ಕಾಲೇಜು ರಸ್ತೆ ಅಂಗಡಿಯದ್ರಲ್ಲಿ 52ಕ್ಕೆ ಚೂರು ಕಮ್ಮಿ. ಪಿಡಿಎಫ್ ಒಂದೇ. ಸಾಲದ್ದಕ್ಕೆ 300 ಡಿಪಿಐಗೆ ಬದಲಾಯಿಸಿದ್ರೆ ಬಾರ್ 200 ಮೀಟರ್‌ಗೆ ಇಳಿದು ಎರಡು ಸೆಂಟಿಮೀಟರ್ ಆಗುತ್ತೆ, ಅಕ್ಷರ ಓದೋಕೂ ಆಗಲ್ಲ. ಎಲ್ಲಿ ತಪ್ತಿದೆ?

ಗಣಕಮಿತ್ರ
ಸರ್, ಇದು ಪ್ರಿಂಟರ್ ಸೆಟ್ಟಿಂಗ್ ಸಮಸ್ಯೆ. ಎರಡನೇ ಅಂಗಡಿಯವರು ಏನೋ ಹಿಗ್ಗಿಸಿದ್ದಾರೆ. ಮೊದಲನೇ ಅಂಗಡಿಯಲ್ಲೇ ಮಾಡಿಸಿ, ಮುಗೀತು.

ಸರ್ವೆಕಲ್ಲು
ಮುಗೀಲಿಲ್ಲ ಮಿತ್ರರೇ, ಉಲ್ಟಾ ಇದೆ. ತುಂಗಾದಡ ಅವರೇ, ಎರಡೂ ಪ್ರಿಂಟ್ ಪಕ್ಕಪಕ್ಕ ಇಟ್ಟು ನೋಡಿ. 50 ಬಂದಿದ್ದರಲ್ಲಿ ನಾಲ್ಕೂ ಕಡೆ ಬಿಳಿ ಅಂಚು ಇದೆಯಾ? 52 ಬಂದಿದ್ದರಲ್ಲಿ ನಕ್ಷೆಯ ಅಂಚು ಸ್ವಲ್ಪ ಕತ್ತರಿಸಿ ಹೋಗಿದೆಯಾ?

ತುಂಗಾದಡ
ಹೌದು! ಬಿಳಿ ಅಂಚು ಇದೆ. ಇನ್ನೊಂದರಲ್ಲಿ ಎಡಗಡೆ ನದಿಯ ಹೆಸರಿನ ಮೊದಲ ಅಕ್ಷರವೇ ಇಲ್ಲ.

ಸರ್ವೆಕಲ್ಲು
ಹಾಗಾದರೆ ಎರಡನೇ ಅಂಗಡಿ ನಿಮ್ಮ ಪಿಡಿಎಫ್‌ನ ಇದ್ದ ಅಳತೆಯಲ್ಲೇ ಹಾಕಿದೆ. ಮೊದಲನೆಯವರು ‘ಫಿಟ್ ಟು ಪೇಜ್’ ಒತ್ತಿ ಶೇ. 3-4ರಷ್ಟು ಕುಗ್ಗಿಸಿದ್ದಾರೆ. ನಿಮ್ಮ ಲೆಕ್ಕದಲ್ಲಿ ಅಷ್ಟೇ ಪ್ರಮಾಣದ ಹಿಗ್ಗು ಇತ್ತು. ಒಂದನ್ನೊಂದು ಹೊಡೆದು ಹಾಕಿ 50 ಬಂದಿದೆ, ಅಷ್ಟೇ. ನಾಳೆ ಬೇರೆ ಪ್ರಿಂಟರ್‌ಗೆ ಕೊಟ್ಟರೆ ಬೇರೆಯೇ ಬರುತ್ತೆ.

ಹಿಗ್ಗು ಎಲ್ಲಿಂದ ಬಂತು ಅಂದ್ರೆ: 3857ರ ‘ಮೀಟರ್’ ಸಮಭಾಜಕದ ಮೇಲೆ ಮಾತ್ರ ನಿಜವಾದ ಮೀಟರ್. ಉತ್ತರಕ್ಕೆ ಹೋದಷ್ಟೂ ಮರ್ಕೇಟರ್ ನಕ್ಷೆ ಹಿಗ್ಗುತ್ತೆ, ಅಕ್ಷಾಂಶದ ಕೊಸೈನ್‌ನಿಂದ 1ನ್ನು ಭಾಗಿಸಿದಷ್ಟು. ಬೆಂಗಳೂರಿನಲ್ಲಿ ಶೇ. 2.6, ಹಂಪಿಯಲ್ಲಿ ಶೇ. 3.7, ಬೀದರ್‌ನಲ್ಲಿ ಶೇ. 5.1. ಯುರೋಪಿನವರಿಗೆ ಒಂದೂವರೆ ಪಟ್ಟು ವ್ಯತ್ಯಾಸ ಬರೋದ್ರಿಂದ ಮೊದಲ ದಿನವೇ ಕಣ್ಣಿಗೆ ಹೊಡೆಯುತ್ತೆ. ನಮ್ಮ ಕಡೆ ಪ್ರಿಂಟರ್ ತಪ್ಪು ಅಂತ ದಾಟಿಸಿಬಿಡುವಷ್ಟೇ ಇರುತ್ತೆ, ಅದೇ ತೊಂದರೆ.

ಹಂಪಿ 15.33 ಡಿಗ್ರಿ, ಕೊಸೈನ್ 0.9644. ನೀವು ಕೊಟ್ಟ 1.693, ನೆಲದ ಮೇಲೆ 1.633 ಮೀಟರ್. ಅಂದ್ರೆ ನಿಮ್ಮ ಪಿಡಿಎಫ್ 1:10,000 ಅಲ್ಲ, 1:9,644. ಅದರಲ್ಲಿ 500 ಮೀಟರ್ ಅಂದ್ರೆ 51.8 ಮಿ.ಮೀ. ಕಾಲೇಜು ರಸ್ತೆಯವರು ಪಾಪ ಸರಿಯಾಗೇ ಕೊಟ್ಟಿದ್ದಾರೆ.

ಇನ್ನೊಂದು ವಿಷಯ. ಎರಡೂ ಪ್ರಿಂಟ್‌ನಲ್ಲಿ *ಬಾರ್ ಸರಿಯಾಗೇ ಇದೆ.* ಸ್ಕೇಲ್‌ಲೈನ್ ನಕ್ಷೆಯ ನಡುಬಿಂದುವಿನ ಅಕ್ಷಾಂಶ ಹಿಡಿದು ಲೆಕ್ಕ ಹಾಕುತ್ತೆ, ಆಮೇಲೆ ಕಾಗದ ಕುಗ್ಗಿದರೆ ನಕ್ಷೆಯ ಜೊತೆ ಬಾರೂ ಕುಗ್ಗುತ್ತೆ. ದಾರದಲ್ಲಿ ಅಳೆದು ಬಾರ್‌ಗೆ ಹಿಡಿಯುವ ಪ್ರವಾಸಿಗೆ ಎರಡು ಹಾಳೆಯಲ್ಲೂ ಒಂದೇ ಉತ್ತರ. ಸುಳ್ಳು ಹೇಳ್ತಿರೋದು ನೀವು ಕೈಯಾರೆ ಬರೆದ ಅನುಪಾತ ಮಾತ್ರ.

ಸರಿಪಡಿಸೋದು ಹೀಗೆ. ಹತ್ತು ಸಾವಿರಕ್ಕೆ ಒಂದು ಅಂದ್ರೆ ಮಿಲಿಮೀಟರಿಗೆ 10 ಮೀಟರ್. ಆದ್ದರಿಂದ

ರೆಸಲ್ಯೂಶನ್ = 10 ÷ ಗೆಟ್‌ಪಾಯಿಂಟ್‌ರೆಸಲ್ಯೂಶನ್(ಪ್ರೊಜೆಕ್ಷನ್, 150 ÷ 25.4, ನಡುಬಿಂದು)

ಗೆಟ್‌ಪಾಯಿಂಟ್‌ರೆಸಲ್ಯೂಶನ್ ಆ ಜಾಗದ ಹಿಗ್ಗನ್ನ ಲೆಕ್ಕಕ್ಕೆ ತರುತ್ತೆ; 150 ÷ 25.4 ಅಂದ್ರೆ ಮಿಲಿಮೀಟರಿಗೆ ಎಷ್ಟು ಪಿಕ್ಸೆಲ್ ಅಂತ. ಹಂಪಿಗೆ 1.756 ಬರಬೇಕು. ಸ್ಕೇಲ್‌ಲೈನ್‌ಗೆ ಟೆಕ್ಸ್ಟ್ ಆಯ್ಕೆ ಟ್ರೂ ಮಾಡಿ, ಎಕ್ಸ್‌ಪೋರ್ಟ್‌ಗೆ ಮುಂಚೆ ಸೆಟ್‌ಡಿಪಿಐ(150) ಕರೆಯಿರಿ. ಆಗ ಅನುಪಾತವನ್ನ ಅದೇ ಬರೆಯುತ್ತೆ. ಈಗಿನ ಕೋಡ್‌ನಲ್ಲೇ ಹಾಗೆ ಮಾಡಿ ನೋಡಿ, 1 : 9,644 ಆಸುಪಾಸು ತೋರಿಸದಿದ್ದರೆ ಕೇಳಿ.

300 ಡಿಪಿಐಯಲ್ಲಿ ಬಾರ್ ಸಣ್ಣದಾಗೋದಕ್ಕೂ ಸೆಟ್‌ಡಿಪಿಐ ಇಲ್ಲದಿರೋದೇ ಕಾರಣ. ಏನೂ ಹೇಳದಿದ್ದರೆ ಓಪನ್‌ಲೇಯರ್ಸ್ ಒಂದು ಪಿಕ್ಸೆಲ್ 0.28 ಮಿ.ಮೀ. ಅಂದುಕೊಳ್ಳುತ್ತೆ, ಸುಮಾರು 90.7 ಡಿಪಿಐ. ನಿಮ್ಮ 125 ಪಿಕ್ಸೆಲ್ ಅದರ ಕಣ್ಣಲ್ಲಿ 35 ಮಿ.ಮೀ., 300 ಡಿಪಿಐ ಕಾಗದದಲ್ಲಿ ಬರೀ 10.6. ಅಷ್ಟಕ್ಕೆ ತಕ್ಕ ಹಾಗೆ 1, 2, 5ರ ಸರಣಿಯಲ್ಲಿ ಮುಂದಿನ ಗುಂಡು ಸಂಖ್ಯೆ ಹುಡುಕಿ 200 ಮೀಟರ್‌ಗೆ ನಿಂತಿದೆ. ಡಿಪಿಐ ಹೇಳಿದರೆ ಮಿನ್‌ವಿಡ್ತ್ ತಾನೇ ಹಿಗ್ಗಿ ಕಾಗದದ ಮೇಲೆ 35 ಮಿ.ಮೀ. ಆಗುತ್ತೆ; 150 ಇರಲಿ 300 ಇರಲಿ ನಿಮಗೆ 500 ಮೀಟರ್ ಬಾರೇ, 50 ಮಿ.ಮೀ. ಉದ್ದಕ್ಕೆ. ಎಕ್ಸ್‌ಪೋರ್ಟ್ ಆದಮೇಲೆ ಖಾಲಿ ಸೆಟ್‌ಡಿಪಿಐ() ಕರೆಯೋದು ಮರೀಬೇಡಿ, ಇಲ್ಲದಿದ್ದರೆ ಪರದೆ ಮೇಲೆ ಬಾರ್ ದೈತ್ಯ ಆಗಿ ಕೂತಿರುತ್ತೆ. ಬಾರ್‌ನ ಅಕ್ಷರ ದೊಡ್ಡದಾಗದಿದ್ದರೆ ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ಅಕ್ಷರ, ಬಣ್ಣ ಹೇಳುವ ಕೋಡ್) ನೀವೇ ಹಿಗ್ಗಿಸಿ.

ಅಂಚಿನ ವಿಷಯ: ಹಾಳೆ ಪೂರ್ತಿ ನಕ್ಷೆ ತುಂಬಬೇಡಿ. ಸುತ್ತ 10 ಮಿ.ಮೀ. ಬಿಟ್ಟು 277 × 190ಕ್ಕೆ ಮಾಡಿ; 150 ಡಿಪಿಐಗೆ 1636 × 1122 ಪಿಕ್ಸೆಲ್. ಆಗ ‘ಆಕ್ಚುಯಲ್ ಸೈಜ್’ ಹಾಕಿ ಅಂತ ಅಂಗಡಿಯವರಿಗೆ ಧೈರ್ಯವಾಗಿ ಹೇಳಬಹುದು.

ಕೋಟೆಸುತ್ತು
ಸರ, ನಾನೂ ಇದೇ ಕೋಡ್ ಹಾಕೀನ್ರಿ, ಬೀದರ್ ಕೋಟೆ ನಕ್ಷೆಗೆ. 150 ಡಿಪಿಐ, ಅದೇ ಹತ್ತು ಸಾವಿರ. ಆದ್ರ 1 : 13,422 ಅಂತ ತೋರಸ್ಲಾಕತ್ತದ. ಇದು ಶೇ. 5ರ ಮಾತಲ್ಲ ಅಲ್ರಿ?

ಸರ್ವೆಕಲ್ಲು
ಅಲ್ಲ. ವ್ಯೂನಲ್ಲಿ ಕನ್‌ಸ್ಟ್ರೇನ್‌ರೆಸಲ್ಯೂಶನ್ (ಪೂರ್ಣ ಸಂಖ್ಯೆಯ ಜೂಮ್‌ಗಳಲ್ಲೇ ನಿಲ್ಲಿಸುವ ಆಯ್ಕೆ) ಟ್ರೂ ಇದೆಯಾ ನೋಡಿ. ನೀವು ಕೇಳಿದ್ದು 1.78. ಅದು ಹತ್ತಿರದ ಪೂರ್ಣ ಜೂಮ್‌ಗೆ, ಅಂದ್ರೆ 16ಕ್ಕೆ ಜಾರಿ 2.389 ಆಗಿದೆ. ಬೀದರ್ ಅಕ್ಷಾಂಶಕ್ಕೆ ಗುಣಿಸಿ ನೋಡಿದೆ, ನಿಮ್ಮ 13,422ಕ್ಕೆ ತಾಳೆ ಆಗ್ತಿದೆ.

ಕೋಟೆಸುತ್ತು
ಟ್ರೂ ಇತ್ರಿ. ತಗದೆ. 1 : 10,000 ಬಂತು. ಭಾಳ ಉಪಕಾರ ಆತು.

ಗಣಕಮಿತ್ರ
ಒಂದು ಡೌಟು. ಇಷ್ಟೆಲ್ಲಾ ಯಾಕೆ, ಯುಟಿಎಮ್‌ಗೆ (ಭೂಮಿಯನ್ನ ವಲಯಗಳಾಗಿ ಹೋಳು ಮಾಡೋ ಪ್ರೊಜೆಕ್ಷನ್) ಹೋದರೆ ಆಗಲ್ವಾ?

ಸರ್ವೆಕಲ್ಲು
ಆಗುತ್ತೆ. ವಲಯ 43, ಇಪಿಎಸ್‌ಜಿ 32643 (3857ರ ಹಾಗೇ ಪ್ರೊಜೆಕ್ಷನ್‌ನ ಕೋಡ್ ಸಂಖ್ಯೆ). ಹಂಪಿಯಲ್ಲಿ ವ್ಯತ್ಯಾಸ ಹತ್ತು ಸಾವಿರಕ್ಕೆ ಒಂದರಷ್ಟು, ಅಡಿಪಟ್ಟಿಗೆ ಸಿಗಲ್ಲ. ಆದರೆ 3857ಕ್ಕೆ ಮಾಡಿಟ್ಟ ಟೈಲ್‌ಗಳನ್ನ ತಿರುಚಿ ಕೂರಿಸಬೇಕಾಗಿ ಹೆಸರುಗಳು ಮಸುಕಾಗುತ್ತವೆ. ಎರಡು ಕಿಲೋಮೀಟರ್ ಹಾಳೆಗೆ ಅದು ಬೇಡದ ಕೆಲಸ. ಇಡೀ ರಾಜ್ಯವನ್ನ ಒಂದೇ ಹಾಳೆಗೆ ತರೋದಾದರೆ ಮಾತ್ರ ಯೋಚಿಸಿ. 3857ರಲ್ಲಿ ಚಾಮರಾಜನಗರದ ತುದಿಗೂ ಬೀದರ್ ತುದಿಗೂ ಶೇ. 3ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತೆ, ಬಾರ್ ನಡುವಿನ ಜಾಗಕ್ಕೆ ಮಾತ್ರ ನಿಜ.

ತುಂಗಾದಡ
ಸರ್ವೆಕಲ್ಲು ಸರ್, ಹೇಳಿದ ಹಾಗೇ ಆಯ್ತು. ಹಳೇ ಕೋಡ್‌ಗೆ ಸೆಟ್‌ಡಿಪಿಐ ಸೇರಿಸಿದ ಕೂಡಲೇ 1 : 9,644 ಅಂತಲೇ ತೋರಿಸ್ತು! ಹೊಸ ಪಿಡಿಎಫ್ ಕಾಲೇಜು ರಸ್ತೆಯಲ್ಲಿ 50, ನದಿಯ ಹೆಸರೂ ಪೂರ್ತಿ ಇದೆ. ಬಸ್‌ಸ್ಟ್ಯಾಂಡ್ ಅಂಗಡಿಯವರು ಈಗಲೂ ಫಿಟ್ ಒತ್ತಿಯೇ ಕೊಡ್ತಾರೆ, 48 ಚಿಲ್ಲರೆ ಬಂತು. ಇದನ್ನ ವಾಟ್ಸಾಪ್‌ನಲ್ಲೂ ಹಂಚ್ತಾರೆ. ಶೀರ್ಷಿಕೆಯ 1:10,000 ಇಡಲಾ, ತೆಗೀಲಾ? ಮತ್ತೆ 300 ಡಿಪಿಐಯಲ್ಲಿ ಬಾರ್ ಚೆನ್ನಾಗಿ ಬಂದರೂ ಊರುಗಳ ಹೆಸರು ಇರುವೆ ಸಾಲಿನ ಹಾಗೆ ಕಾಣ್ತಿವೆ.

ಸರ್ವೆಕಲ್ಲು
‘ಎ4 ಹಾಳೆಯಲ್ಲಿ, ಕುಗ್ಗಿಸದೆ ಮುದ್ರಿಸಿದಾಗ 1:10,000’ ಅಂತ ಬರೆಯಿರಿ, ಜಾಗ ಸಾಲದಿದ್ದರೆ ತೆಗೆದುಬಿಡಿ. ಬಾರ್ ಮಾತ್ರ ತೆಗೀಬೇಡಿ.

ಹೆಸರುಗಳು ಟೈಲ್ ಚಿತ್ರದೊಳಗೇ ಅಚ್ಚಾಗಿರೋದು, ಡಿಪಿಐ ಹೇಳಿದರೂ ಅವು ಬೆಳೆಯಲ್ಲ. 150ರಲ್ಲೇ ಇರಿ, ಇಲ್ಲವೇ ವೆಕ್ಟರ್ ಟೈಲ್ (ಚಿತ್ರದ ಬದಲು ರೇಖೆ, ಹೆಸರುಗಳ ಮಾಹಿತಿಯೇ ಇರುವ ಟೈಲ್) ಹಾಕಿಕೊಂಡು ಅಕ್ಷರದ ಗಾತ್ರ ನೀವೇ ಕೊಡಿ. ಹಾಂ, ಮೂಲೆಯಲ್ಲಿ ‘© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಅನ್ನೋ ಸಾಲು ಪ್ರಿಂಟ್‌ನಲ್ಲೂ ಇರಬೇಕು. ಎಕ್ಸ್‌ಪೋರ್ಟ್ ಮಾಡುವಾಗ ಕಂಟ್ರೋಲ್‌ಗಳನ್ನ ಕೈಬಿಡುವ ಕೋಡ್ ಅದನ್ನೂ ನುಂಗಿಬಿಡುತ್ತೆ, ಒಮ್ಮೆ ನೋಡಿಕೊಳ್ಳಿ.