ಪೋಕರ್‌ನಲ್ಲಿ 2-5ರಿಂದ 1-3ಕ್ಕೆ ಇಳಿದ ಮೇಲೆ ಜಾಸ್ತಿ ಸೋಲುತ್ತಿದ್ದೇನೆ, ತಪ್ಪು ಎಲ್ಲಿದೆ?

ಬಟನ್_ಸೀಟು:
ಎಲ್ಲರಿಗೂ ನಮಸ್ಕಾರ. ನಾನಿರುವುದು ಸ್ಯಾನ್ ಹೋಸೆಯಲ್ಲಿ. ಶುಕ್ರವಾರ ರಾತ್ರಿ ಆಫೀಸು ಮುಗಿಸಿ ಇಲ್ಲಿನ ಕಾರ್ಡ್ ರೂಮಿಗೆ ಹೋಗಿ ನೋ ಲಿಮಿಟ್ ಹೋಲ್ಡೆಮ್ (ಮುಂದಿರುವ ದುಡ್ಡು ಎಷ್ಟನ್ನು ಬೇಕಾದರೂ ಪಣ ಹಾಕಬಹುದಾದ ಪೋಕರ್) ಆಡುತ್ತೇನೆ. ಎರಡು ವರ್ಷ 2-5 ಟೇಬಲ್‌ನಲ್ಲಿ (ಎಲೆ ಹಂಚುವ ಮೊದಲೇ ಇಬ್ಬರು ಹಾಕಬೇಕಾದ ಪಣ, ಅಂದರೆ ಬ್ಲೈಂಡ್, 2 ಮತ್ತು 5 ಡಾಲರ್) ಆಡಿದೆ, ಸ್ವಲ್ಪ ಲಾಭದಲ್ಲೇ ಇದ್ದೆ. ಈ ವರ್ಷ ಮಗು ಆಯಿತು, ಡೇಕೇರ್ ಖರ್ಚು ಶುರುವಾಯಿತು. ಆಟಕ್ಕೆ ಅಂತ ಬೇರೆ ಇಟ್ಟಿದ್ದ ದುಡ್ಡು 6,000 ಡಾಲರ್‌ಗೆ ಬಂತು. 2-5ಕ್ಕೆ ಅದು ಬರೀ 12 ಬೈ-ಇನ್, ಅಂದರೆ 12 ಸಲ ಟೇಬಲ್‌ಗೆ ಕೂರುವಷ್ಟು ದುಡ್ಡು. ಹಾಗಾಗಿ 1-3ಕ್ಕೆ ಇಳಿದೆ, ಪ್ರತಿ ಸಲ 300 ಇಟ್ಟು ಕೂರುತ್ತೇನೆ.

ಆರು ವಾರದಲ್ಲಿ ಸುಮಾರು 30 ಗಂಟೆ ಆಡಿದ್ದೇನೆ. 1,200 ಡಾಲರ್ ಹೋಗಿದೆ. ಇಲ್ಲಿ ಆಡುವವರು 2-5ನವರಿಗಿಂತ ಚೆನ್ನಾಗಿ ಆಡುತ್ತಾರೆ ಅಂತ ಖಂಡಿತ ಅನ್ನಿಸುವುದಿಲ್ಲ. ಆದರೂ ಸೋಲುತ್ತಿರುವುದು ನಾನೇ. ದಯವಿಟ್ಟು ಯಾರಾದರೂ ನೋಡಿ ಹೇಳಿ.

ಹಳೇ_ಎಕ್ಕ:
ಸುಮ್ನೆ ಒಟ್ಟು ಲೆಕ್ಕ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎರಡು ಹ್ಯಾಂಡ್ ಪೂರ್ತಿ ಬರೆಯಿರಿ. ಒಂದು ನೀವು ಸೋತದ್ದು, ಇನ್ನೊಂದು ಗೆದ್ದದ್ದು. ಗೆದ್ದದ್ದು ಬೇಕೇ ಬೇಕು. ಯಾವ ರೌಂಡಿನಲ್ಲಿ ಎಷ್ಟು ಹಾಕಿದಿರಿ ಅನ್ನುವುದನ್ನೂ ಬಿಡಬೇಡಿ.

ಬಟನ್_ಸೀಟು:
ಸರಿ ಸರ್.

ಸೋತದ್ದು: ನಾನು ಬಟನ್ (ಎಲೆ ಬಿಚ್ಚಿದ ಮೇಲೆ ಎಲ್ಲರಿಗಿಂತ ಕೊನೆಗೆ ಆಡುವ ಸೀಟು), ಕೈಯಲ್ಲಿ ಇಸ್ಪೀಟ್ ಎಕ್ಕ, ಇಸ್ಪೀಟ್ 5. ಇಬ್ಬರು ಲಿಂಪ್ ಮಾಡಿದ್ದರು (ಏರಿಸದೆ ಬರೀ 3 ಹಾಕಿ ಬಂದಿದ್ದರು), ನಾನು 15ಕ್ಕೆ ರೈಸ್ ಮಾಡಿದೆ, ಅಂದರೆ ಏರಿಸಿದೆ. ಅವರಿಬ್ಬರೂ ಬಂದರು, ಬಿಗ್ ಬ್ಲೈಂಡ್ (ಮೊದಲೇ 3 ಹಾಕಿದವನು) ಕೂಡ ಬಂದ. ಡ್ರಾಪ್ (ಕಾರ್ಡ್ ರೂಮು ತೆಗೆಯುವ ಶುಲ್ಕ) ಕಳೆದು ಪಾಟ್ (ನಡುವೆ ಸೇರಿದ ದುಡ್ಡು) 55ರ ಹತ್ತಿರ. ಫ್ಲಾಪ್ (ಎಲ್ಲರಿಗೂ ಸೇರಿ ಬಿಚ್ಚುವ ಮೊದಲ ಮೂರು ಎಲೆ) ಆಟೀನ್ ರಾಜ, ಇಸ್ಪೀಟ್ 9, ಡೈಮಂಡ್ 4. ನಾನು 25 ಹಾಕಿದೆ, ಇಬ್ಬರು ಕಾಲ್ (ಅಷ್ಟೇ ಹಾಕಿ ಉಳಿದರು). ಟರ್ನ್ (ನಾಲ್ಕನೇ ಎಲೆ) ಇಸ್ಪೀಟ್ 7, ಫ್ಲಶ್ ಡ್ರಾ ಸಿಕ್ಕಿತು, ಅಂದರೆ ಇನ್ನೊಂದು ಇಸ್ಪೀಟ್ ಬಂದರೆ ಐದು ಇಸ್ಪೀಟ್‌ನ ಫ್ಲಶ್. 70 ಹಾಕಿದೆ, ಒಬ್ಬ ಉಳಿದ. ರಿವರ್ (ಕೊನೆಯ, ಐದನೇ ಎಲೆ) ಆಟೀನ್ 2. ಪಾಟ್ 270. ನನ್ನ ಹತ್ತಿರ ಉಳಿದ 190 ಪೂರ್ತಿ ತಳ್ಳಿದೆ. ಆತ ಒಂದು ಗಳಿಗೆಯೂ ಯೋಚಿಸದೆ ಕಾಲ್ ಮಾಡಿ ರಾಜ-6 ತೋರಿಸಿದ. 2-5ನಲ್ಲಿ ಅಂಥ ರಾಜನ ಜೋಡಿಯನ್ನು ಎಷ್ಟೋ ಜನ ಬಿಡುತ್ತಿದ್ದರು.

ಗೆದ್ದದ್ದು: ಕೈಯಲ್ಲಿ 9ರ ಜೋಡಿ, ಫ್ಲಾಪ್ 9-6-2, ಅಂದರೆ ಮೂರು 9, ಪಾಟ್ 60. ಎದುರಿನವರು ಓಡಿಹೋಗಬಾರದು ಅಂತ 20 ಹಾಕಿದೆ, ಇಬ್ಬರು ಕಾಲ್. ಟರ್ನ್‌ನಲ್ಲಿ 40, ಒಬ್ಬ ಕಾಲ್. ರಿವರ್‌ನಲ್ಲಿ 60, ಮತ್ತೆ ಕಾಲ್. ಅವನ ಹತ್ತಿರ 10ರ ಜೋಡಿ ಇತ್ತು. ಅವನ ಸ್ಟ್ಯಾಕ್ ನನ್ನಷ್ಟೇ ಇತ್ತು.

ಹಳೇ_ಎಕ್ಕ:
ಬರೆದದ್ದನ್ನು ನೀವೇ ಇನ್ನೊಮ್ಮೆ ಓದಿ. ಕೈಯಲ್ಲಿ ಏನೂ ಇಲ್ಲದಾಗ ರಿವರ್‌ನಲ್ಲಿ 190 ಹಾಕಿದ್ದೀರಿ. ಟೇಬಲ್‌ನಲ್ಲೇ ಒಳ್ಳೆಯ ಹ್ಯಾಂಡ್ ಇದ್ದಾಗ 60. ಪೂರ್ತಿ ತಲೆಕೆಳಗಾಗಿದೆ ಅಲ್ವಾ?

ಮೊದಲು ಬ್ಲಫ್ (ಏನೂ ಇಲ್ಲದೆ ಹೆದರಿಸಲು ಹಾಕಿದ ಪಣ). 270 ಗೆಲ್ಲಲು 190 ಹಾಕಿದರೆ, 190 ಭಾಗಿಸು 460, ಅಂದರೆ ನೂರಕ್ಕೆ 41 ಸಲಕ್ಕಿಂತ ಜಾಸ್ತಿ ಆತ ಫೋಲ್ಡ್ ಮಾಡಬೇಕು (ಎಲೆ ಬಿಟ್ಟುಕೊಡಬೇಕು). ಆಗ ಮಾತ್ರ ಲಾಭ. ರಾಜ-6 ಇಟ್ಟುಕೊಂಡು ರೈಸಿಗೆ 15 ಕೊಟ್ಟು, ಫ್ಲಾಪ್‌ನಲ್ಲಿ 25, ಟರ್ನ್‌ನಲ್ಲಿ 70 ಹಾಕಿದವನು ರಿವರ್‌ನಲ್ಲಿ ಯಾಕೆ ಬಿಡುತ್ತಾನೆ? ನಿಮ್ಮ ಹತ್ತಿರ ಏನಿರಬಹುದು ಅಂತ ಆತ ಯೋಚಿಸುತ್ತಲೇ ಇಲ್ಲ. ತನಗೆ ರಾಜ ಸಿಕ್ಕಿದ್ದಾನೆ, ಅಷ್ಟೇ ನೋಡುತ್ತಾನೆ. ನೀವು ಹೇಳಿದ ಕಥೆ ಚೆನ್ನಾಗಿತ್ತು, ಆದರೆ ಕೇಳುವವರು ಯಾರೂ ಇರಲಿಲ್ಲ.

ಟರ್ನ್ ಕೂಡ ನೋಡಿ. 9 ಇಸ್ಪೀಟ್ ಉಳಿದಿವೆ, ಕಾಣದ ಎಲೆಗಳು 46. ಐದಕ್ಕೆ ಒಂದು ಸಲ ಫ್ಲಶ್ ಬರುತ್ತದೆ. ನೀವು ಬಟನ್‌ನಲ್ಲಿದ್ದಿರಿ. ಚೆಕ್ ಮಾಡಿದ್ದರೆ (ಏನೂ ಹಾಕದೆ ಇದ್ದಿದ್ದರೆ) ಮುಂದಿನ ಎಲೆ ಪುಕ್ಕಟೆ ಸಿಗುತ್ತಿತ್ತು. ಇಬ್ಬರೂ ಬಿಡದವರು ಕೂತಿರುವಾಗ ಪುಕ್ಕಟೆ ಎಲೆಗೆ ತುಂಬಾ ಬೆಲೆ.

ಈಗ 9ರ ಜೋಡಿ. ನನಗೆ ಹೆಚ್ಚು ಬೇಜಾರಾದದ್ದು ಇದಕ್ಕೇ. ಫ್ಲಾಪ್‌ನಲ್ಲಿ 45 ಹಾಕಿ, ಇಬ್ಬರೂ ಬಂದರೆ ಪಾಟ್ 150. ಅಲ್ಲ, ತಪ್ಪಾಯಿತು, ನಿಮ್ಮ 45 ಸೇರಿ 195. ಟರ್ನ್‌ನಲ್ಲಿ 110, ಒಬ್ಬ ಬಂದರೆ 415. ಉಳಿದದ್ದು 130. ರಿವರ್‌ನಲ್ಲಿ ಅದನ್ನು ತಳ್ಳುವುದು ಸಹಜವಾಗುತ್ತದೆ, 10ರ ಜೋಡಿಯವನು ಬಿಡುವುದೂ ಇಲ್ಲ. ನೀವು ಅವನಿಂದ 120 ತೆಗೆದಿರಿ, 165 ಅವನ ಮುಂದೆಯೇ ಉಳಿಯಿತು. ಇಂಥ ಹ್ಯಾಂಡ್ ರಾತ್ರಿಗೆ ಒಂದೋ ಎರಡೋ ಬರುತ್ತದೆ. 1-3ನಲ್ಲಿ ಸಂಪಾದನೆ ಇರುವುದೇ ಅಲ್ಲಿ.

ತಾಳ್ಮೆ_88:
ಹಳೇ ಎಕ್ಕ ಅವರ ಮಾತು ಒಪ್ಪುತ್ತೇನೆ. ಡ್ರಾಪ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕ್ಯಾಲಿಫೋರ್ನಿಯಾದ ಕಾರ್ಡ್ ರೂಮುಗಳು ಪಾಟಿನಲ್ಲಿ ಶೇಕಡಾ ಇಷ್ಟು ಅಂತ ತೆಗೆಯುವಂತಿಲ್ಲ, ಅದಕ್ಕೇ ಹ್ಯಾಂಡಿಗೆ ಇಷ್ಟು ಅಂತ ಕಟ್ಟುತ್ತಾರೆ. ಜಾಕ್‌ಪಾಟ್ ನಿಧಿಗೆ ತೆಗೆಯುವುದೂ ಸೇರಿ 7 ಡಾಲರ್ ಹೋಗುತ್ತದೆ ಅಂದುಕೊಳ್ಳಿ. 2-5ನಲ್ಲಿ ಅದು ಒಂದೂವರೆ ಬಿಗ್ ಬ್ಲೈಂಡ್‌ಗಿಂತ ಕಡಿಮೆ. 1-3ನಲ್ಲಿ ಎರಡು ಬ್ಲೈಂಡ್‌ಗಿಂತ ಜಾಸ್ತಿ. ಡೀಲರ್‌ಗೆ ಕೊಡುವ ಒಂದು ಡಾಲರ್ ಬೇರೆ. 20 ಡಾಲರ್ ಪಾಟಿಗೋಸ್ಕರ ಎಕ್ಕ-5, 8-7 ಇಟ್ಟುಕೊಂಡು ಗುದ್ದಾಡಿದರೆ ಗೆದ್ದರೂ ಕೈಗೆ ಏನೂ ಉಳಿಯುವುದಿಲ್ಲ. ಕಡಿಮೆ ಹ್ಯಾಂಡ್ ಆಡಿ, ಆಡಿದ್ದನ್ನು ದೊಡ್ಡದಾಗಿ ಆಡಿ.

ಸೋಲಿನ ಮೊತ್ತಕ್ಕೆ ಅಷ್ಟು ಹೆದರಬೇಡಿ. ಗಂಟೆಗೆ 25ರಿಂದ 30 ಹ್ಯಾಂಡ್ ಅಂದರೆ 30 ಗಂಟೆಗೆ 900 ಒಳಗೆ. ಚೆನ್ನಾಗಿ ಆಡುವವರಿಗೂ ಅಷ್ಟರಲ್ಲಿ ಇನ್ನೂರೈವತ್ತು, ಮುನ್ನೂರು ಬ್ಲೈಂಡ್ ಮೇಲೆ ಕೆಳಗೆ ಆಗುವುದು ಮಾಮೂಲು. ನಿಮ್ಮದು 400. ಅದೃಷ್ಟವೂ ಕೈಕೊಟ್ಟಿದೆ, ಆದರೆ ಅದನ್ನೇ ನೆಪ ಮಾಡಿಕೊಳ್ಳುವಷ್ಟಲ್ಲ.

ಮಾಂಡೋವಿ_ದಡ:
ನಾನು ಬೆಂಗಳೂರಿನವನು. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ನಮಗೆ ಆನ್‌ಲೈನ್‌ನಲ್ಲಿ ದುಡ್ಡಿನ ಆಟ ನಿಂತಿತು. ಈಗ ವರ್ಷಕ್ಕೆ ಎರಡು ಸಲ ಪಣಜಿಗೆ ಹೋಗಿ ಕ್ಯಾಸಿನೋ ಹಡಗಿನಲ್ಲಿ ಆಡುವುದಷ್ಟೇ. ಅಲ್ಲಿನ ಸಣ್ಣ ಟೇಬಲ್‌ನಲ್ಲೂ ಇದೇ ಕಥೆ, ಆರು ಜನ ಫ್ಲಾಪ್ ನೋಡುತ್ತಾರೆ. ನನ್ನದೊಂದು ಪ್ರಶ್ನೆ: ಎಕ್ಕದ ಜೋಡಿ ಬಂದರೆ ಇಂಥ ಕಡೆ ಏನು ಮಾಡಬೇಕು? ಯಾವಾಗಲೂ ಒಡೆದುಹೋಗುತ್ತದೆ.

ಹಳೇ_ಎಕ್ಕ:
ಎರಡು ಕೆಲಸ. ಎಕ್ಕದ ಜೋಡಿ ಇಬ್ಬರ ಎದುರು ನೂರಕ್ಕೆ ಸುಮಾರು 73 ಸಲ ಗೆಲ್ಲುತ್ತದೆ, ಐವರ ಎದುರು 49. ಅದಕ್ಕೇ ಮೂರು ಜನ ಲಿಂಪ್ ಮಾಡಿದ್ದರೆ 1-3ನಲ್ಲಿ 12 ಸಾಲದು, 25 ಹಾಕಿ. ಕಾಲ್ ಮಾಡುವವರು ಮಾಡೇ ಮಾಡುತ್ತಾರೆ.

ಎರಡನೆಯದು ಕಷ್ಟದ್ದು. ರಾತ್ರಿಯಿಡೀ ಬರೀ ಕಾಲ್ ಮಾಡಿಕೊಂಡು ಕೂತಿದ್ದ ಮನುಷ್ಯ ಟರ್ನ್‌ನಲ್ಲಿ ಇದ್ದಕ್ಕಿದ್ದಂತೆ ರೈಸ್ ಮಾಡಿದರೆ, ಎಕ್ಕದ ಜೋಡಿಯನ್ನೂ ಮಡಿಸಿ ಇಟ್ಟುಬಿಡಿ. ಆತ ಬ್ಲಫ್ ಮಾಡುವವನಾಗಿದ್ದರೆ ಇಷ್ಟು ಹೊತ್ತಿಗೆ ಒಮ್ಮೆಯಾದರೂ ಮಾಡಿರುತ್ತಿದ್ದ. ಅವನ ಹತ್ತಿರ ಎರಡು ಜೋಡಿ ಅಥವಾ ಅದಕ್ಕಿಂತ ದೊಡ್ಡದೇ ಇರುತ್ತದೆ.

ಬಟನ್_ಸೀಟು:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ನಾಲ್ಕು ಸಲ ಹೋದೆ. ಎರಡು ಸಲ ಗೆದ್ದೆ, ಎರಡು ಸಲ ಸೋತೆ, ಒಟ್ಟು 340 ಲಾಭ. ಇಷ್ಟಕ್ಕೆ ಏನೂ ಹೇಳಲಾಗದು ಅಂತ ಗೊತ್ತು. ಆದರೆ ಒಂದು ವ್ಯತ್ಯಾಸ ನನಗೇ ಕಾಣುತ್ತಿದೆ. ಮೊದಲು 1-3ನ ಚಿಪ್ಸ್ ನನಗೆ ಚಿಲ್ಲರೆ ಅನ್ನಿಸುತ್ತಿತ್ತು. 190 ತಳ್ಳುವಾಗಲೂ "ಹೋದರೆ ಹೋಗಲಿ, ಬೇಗ ಮೇಲಕ್ಕೆ ಹೋಗಬೇಕು" ಅನ್ನುವುದೇ ತಲೆಯಲ್ಲಿ ಇರುತ್ತಿತ್ತು. ಈಗ ಯಾವತ್ತು 2-5ಕ್ಕೆ ವಾಪಸ್ ಹೋಗುವುದು ಅಂತ ಲೆಕ್ಕ ಹಾಕುವುದನ್ನು ಬಿಟ್ಟಿದ್ದೇನೆ.

ಹೋದ ಶುಕ್ರವಾರ ಎಕ್ಕ-ರಾಣಿ ಬಂತು, ಫ್ಲಾಪ್ ರಾಣಿ-8-3. ಪಾಟ್ 65, 50 ಹಾಕಿದೆ. ಟರ್ನ್‌ನಲ್ಲಿ 120. ಕೈ ಸ್ವಲ್ಪ ನಡುಗಿತು, ಮೊದಲಾಗಿದ್ದರೆ 60 ಹಾಕುತ್ತಿದ್ದೆ. ಎದುರಿನವರು ವಯಸ್ಸಾದವರು, ಟೋಪಿ ಸರಿ ಮಾಡಿಕೊಂಡು ಎರಡೂ ಸಲ ಕಾಲ್ ಮಾಡಿದರು. ರಿವರ್‌ನಲ್ಲಿ ಉಳಿದದ್ದನ್ನೂ ಹಾಕಿದೆ, ಕಾಲ್. ರಾಣಿ-5 ತೋರಿಸಿ "ನೈಸ್ ಹ್ಯಾಂಡ್" ಅಂದರು.

ಇನ್ನೊಂದು ಅನುಮಾನ. 4ರ ಜೋಡಿ, 5ರ ಜೋಡಿ ಇಂಥವನ್ನು 15ರ ರೈಸಿಗೆ ಕಾಲ್ ಮಾಡಬಹುದಾ?

ಹಳೇ_ಎಕ್ಕ:
ತುಂಬಾ ಖುಷಿಯಾಯಿತು. ಆ 120 ಹಾಕಿದ್ದಕ್ಕೆ ಜಾಸ್ತಿ ಖುಷಿ.

ಸಣ್ಣ ಜೋಡಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಎಂಟೂವರೆ ಸಲಕ್ಕೆ ಒಮ್ಮೆ. ಸಿಕ್ಕಾಗಲೆಲ್ಲ ದೊಡ್ಡ ಪಾಟ್ ಬರುವುದಿಲ್ಲ. ಹಾಗಾಗಿ ರೈಸ್ ಮಾಡಿದವನ ಮುಂದೆ 15ರ ಇಪ್ಪತ್ತು ಪಾಲು, ಅಂದರೆ 300ರ ಹತ್ತಿರ ಇದ್ದರೆ ಕಾಲ್ ಮಾಡಿ. 80 ಇಟ್ಟುಕೊಂಡು ಕೂತವನಾದರೆ ಬಿಟ್ಟುಬಿಡಿ. ಎಲೆ ನೋಡುವ ಮೊದಲು ಅವನ ಚಿಪ್ಸ್ ಎಣಿಸಿ.