ಮಣ್ಣಿನ ಮೇಡಂಗೆ ಕೇಳಿ: ಬಯೋಚಾರ್ ಹಾಕಿದರೆ ಬೆಳೆ ಬರ ತಡೆದುಕೊಳ್ಳುತ್ತಾ?

ಅಡ್ಮಿನ್: ಮೇಡಂ ಬಂದಿದ್ದಾರೆ. ಮಣ್ಣು ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಇವತ್ತು ಬಯೋಚಾರ್, ಅಂದರೆ ಮಣ್ಣಿಗೆ ಹಾಕುವ ಇದ್ದಿಲಿನ ಬಗ್ಗೆ ಮಾತ್ರ ಕೇಳಿ. ಹೂವಿನ ಫೋಟೊ, ಶುಭ ಸಂಜೆ ಬೇಡ.

ಶಿರಾ ಕಡ್ಲೆಕಾಯಿ: ನಮಸ್ಕಾರ ಮೇಡಂ. ನಮ್ಮದು ಕೆಂಪು ಮರಳು ಮಣ್ಣು. ಹೂವಿನ ಹೊತ್ತಿಗೆ ಸರಿಯಾಗಿ ಮಳೆ ಕೈಕೊಡುತ್ತೆ. ಬಳ್ಳಾರಿ ಜಾಲಿ ಬೇಕಾದಷ್ಟಿದೆ, ಸುಟ್ಟು ಹಾಕೋಣ ಅಂತ. ಎಕರೆಗೆ ಎಷ್ಟು?

ಮೇಡಂ: ನಮಸ್ಕಾರ. ನಿಮ್ಮಂಥ ಮಣ್ಣಿಗೇ ಇದು ಹೆಚ್ಚು ಉಪಯೋಗ. ಇದ್ದಿಲಿನ ಸಣ್ಣ ರಂಧ್ರಗಳಲ್ಲಿ ನೀರು ನಿಲ್ಲುತ್ತೆ, ಮರಳು ಮಣ್ಣಿನಲ್ಲಿ ನಿಲ್ಲದೆ ಇಳಿದುಹೋಗುತ್ತೆ. ಆದರೆ ಬಿದ್ದ ಮಳೆಯನ್ನು ಹಿಡಿದಿಡೋದಷ್ಟೇ ಅದರ ಕೆಲಸ. ಎರಡು ಮಳೆಯ ನಡುವೆ ಕೆಲವು ದಿನ ದಾಟಿಸಬಹುದು, ಬರಗಾಲ ದಾಟಿಸೋಲ್ಲ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಹೆಕ್ಟೇರಿಗೆ 5ರಿಂದ 10 ಟನ್ ಹಾಕುತ್ತಾರೆ, ಎಕರೆಗೆ 2ರಿಂದ 4 ಟನ್ ಆಯಿತು. ಒಣ ಕಟ್ಟಿಗೆ ಸುಟ್ಟರೆ ತೂಕದ ಸುಮಾರು ಕಾಲು ಭಾಗ ಸಿಕ್ಕಿದರೆ ಹೆಚ್ಚು. ಹಾಗಾಗಿ ಇಡೀ ಹೊಲಕ್ಕೆ ಒಂದೇ ಸಲ ಹೋಗಬೇಡಿ, ಸಾಲಿಗೆ ಗೊಬ್ಬರದ ಜೊತೆ ವರ್ಷ ವರ್ಷ ಸ್ವಲ್ಪ ಹಾಕಿ. ಬರೀ ಇದ್ದಿಲು ಹಾಕಿದರೆ ಮೊದಲ ಬೆಳೆಯ ಸಾರಜನಕವನ್ನು ಅದೇ ಹಿಡಿದುಕೊಂಡು ಕೂರುತ್ತೆ. ತಿಪ್ಪೆಗೊಬ್ಬರದಲ್ಲಿ ಬೆರೆಸಿ, ಗಂಜಲ ಸುರಿದು, ಎರಡು ಮೂರು ವಾರ ಬಿಟ್ಟು ಬಳಸಿ.

ಕೊಪ್ಪ ಅಡಿಕೆ: ನಮ್ಮ ಮಣ್ಣು ಹುಳಿ, ಪಿಎಚ್ 5ರ ಹತ್ತಿರ. ಆಗುತ್ತಾ?

ಮೇಡಂ: ಆಗುತ್ತೆ. ಹುಳಿ ಸ್ವಲ್ಪ ಇಳಿಯುತ್ತೆ. ಸುಣ್ಣದ ಪ್ರಮಾಣ ಆಮೇಲೆ ಮಣ್ಣು ಪರೀಕ್ಷೆ ನೋಡಿ ಕಮ್ಮಿ ಮಾಡಿಕೊಳ್ಳಿ.

ಚಿಂತಾಮಣಿ ಟೊಮೆಟೊ: ಎಕರೆಗೆ ಎಷ್ಟು ಹಾಕಬೇಕು ಮೇಡಂ?

ಮೇಡಂ: ಮೇಲೆ ಬರೆದಿದ್ದೇನೆ.

ಕಾರಟಗಿ ನೆಲ್ಲು: ಮೇಡಂರೀ, ನಮ್ದು ಕಾಲುವಿ ಕೊನಿ ಭಾಗ. ಗದ್ದಿ ಒಂದು ಮೂಲ್ಯಾಗ ಸವಳು ಏಳತದ. ಒಬ್ರು ರೈಸ್ ಮಿಲ್ಲಿನ ಬಾಯ್ಲರ್ ಬೂದಿನ ಬಯೋಚಾರ್ ಅಂತ ಹೇಳಿ ಎರಡು ಟ್ರ್ಯಾಲಿ ಕೊಟ್ರು. ಹರವಿ ನೆಲ್ಲು ಹಚ್ಚಿ ಮೂರು ವಾರ ಆತು. ಎಲಿ ತುದಿ ಒಣಗಾಕತ್ತಾವು, ಕೆಳಗಿನ ಎಲಿ ಮ್ಯಾಲೆ ತುಕ್ಕಿನಂಗ ಚುಕ್ಕಿ. ಇನ್ನೂ ಎರಡು ಟ್ರ್ಯಾಲಿ ಬಂದು ಬಿದ್ದಾವು. ಹಾಕ್ಲ್ಯಾ ಬ್ಯಾಡಾ?

ಮೇಡಂ: ಹಾಕಬೇಡಿ. ಉಳಿದದ್ದನ್ನು ಆಮೇಲೆ ಓದಿ, ಮೊದಲು ಆ ಟ್ರ್ಯಾಲಿ ನಿಲ್ಲಿಸಿ.

ಗಾಳಿ ಕಮ್ಮಿ ಕೊಟ್ಟು ಸುಟ್ಟಾಗ ಇಂಗಾಲ ಉಳಿಯುತ್ತೆ, ಅದು ಇದ್ದಿಲು. ಬಾಯ್ಲರಿನಲ್ಲಿ ಧಗಧಗ ಉರಿದ ಭತ್ತದ ಹೊಟ್ಟಿನಲ್ಲಿ ಉಳಿಯೋದು ಬಹುಪಾಲು ಸಿಲಿಕಾ. ಕಪ್ಪಗಿದ್ದರೆ ಒಂದಿಷ್ಟು ಇಂಗಾಲ ಇರುತ್ತೆ, ಬೆಳ್ಳಗಿದ್ದರೆ ಬರೀ ಬೂದಿ. ಬೂದಿಗೆ ಕ್ಷಾರದ ಗುಣ, ನಿಮ್ಮ ಕಡೆಯ ಎರೆ ಮಣ್ಣಿಗೂ ಅದೇ ಗುಣ. ಕ್ಷಾರ ಏರಿದಷ್ಟೂ ಗಿಡಕ್ಕೆ ಜಿಂಕ್ ಸಿಗೋಲ್ಲ. ನಾಟಿಯಾದ ಎರಡರಿಂದ ನಾಲ್ಕು ವಾರದೊಳಗೆ ಕೆಳ ಎಲೆಯಲ್ಲಿ ತುಕ್ಕಿನ ಚುಕ್ಕೆ ಅಂದರೆ ನನ್ನ ಮೊದಲ ಅನುಮಾನ ಅದೇ. ತುದಿ ಒಣಗೋದು ಉಪ್ಪಿನ ಹೊಡೆತ ಇರಬಹುದು. ಎಲ್ಲವನ್ನೂ ಬೂದಿಯ ತಲೆಗೆ ಕಟ್ಟೋಕೂ ಆಗೋಲ್ಲ, ಸವಳು ಮೊದಲೇ ಇತ್ತಲ್ಲ.

ಸದ್ಯಕ್ಕೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಜೊತೆಗೆ 2.5 ಗ್ರಾಂ ಸುಣ್ಣ ಕರಗಿಸಿ ಸೋಸಿದ ತಿಳಿ, ಎಲೆಗೆ ಸಿಂಪಡಿಸಿ. ನಿಂತ ನೀರು ಬಸಿದು ಕಾಲುವೆಯ ಹೊಸ ನೀರು ಕಟ್ಟಿ. ಇನ್ನು ಮಣ್ಣು ಪರೀಕ್ಷೆ. ಪಿಎಚ್ ಒಂದನ್ನೇ ನೋಡಿದರೆ ಸಾಲದು, ಇಸಿ (ಕರಗಿದ ಉಪ್ಪಿನ ಅಳತೆ) ಮತ್ತು ಸೋಡಿಯಂ ಪಾಲು (ಇಎಸ್‌ಪಿ, ಮಣ್ಣಿನ ಕಣ ಹಿಡಿದಿಟ್ಟ ಲವಣಾಂಶಗಳಲ್ಲಿ ಸೋಡಿಯಂ ಶೇ ಎಷ್ಟು ಅನ್ನೋದು) ಕೂಡ ಕೇಳಿ. ಇಸಿ 4 ದಾಟಿ, ಪಿಎಚ್ 8.5ರ ಒಳಗೆ, ಸೋಡಿಯಂ ಪಾಲು ಶೇ 15ರ ಒಳಗಿದ್ದರೆ ಅದು ಉಪ್ಪಿನ ಸವಳು, ಬಸಿಗಾಲುವೆಯೇ ಮದ್ದು, ಜಿಪ್ಸಂಗೆ ಹಾಕಿದ ದುಡ್ಡು ದಂಡ. ಪಿಎಚ್ 8.5 ಮೀರಿ ಸೋಡಿಯಂ ಪಾಲು ಶೇ 15 ದಾಟಿದ್ದರೆ ಜಿಪ್ಸಂ ಬೇಕು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಮೇಲೇ ಕೆಲಸ ನಡೆಯುತ್ತೆ, ನಿಮಗೆ ಹತ್ತಿರ, ಹೋಗಿ ಬನ್ನಿ. ಬಸಿಗಾಲುವೆ ಇದೆಯಾ ನಿಮ್ಮಲ್ಲಿ? ಬೋರಿನ ನೀರೂ ಬಿಡುತ್ತೀರಾ?

ಸಹಜ ಕೃಷಿ ಬಂಧು: *ಫಾರ್ವರ್ಡ್* ಇದ್ದಿಲ ಪುಡಿ 5 ಕೆಜಿ, ಕಲ್ಲುಪ್ಪು 2 ಕೆಜಿ, ಬೆಲ್ಲ 1 ಕೆಜಿ ಕಲಸಿ ಗದ್ದೆಗೆ ಬಿಡಿ. ಸವಳು 21 ದಿನದಲ್ಲಿ ಮಾಯ!! 10 ರೈತರಿಗೆ ಕಳಿಸಿ.

ಮೇಡಂ: ಉಪ್ಪು ಹೆಚ್ಚಾಗಿ ಸಾಯುತ್ತಿರುವ ಗದ್ದೆಗೆ ಕಲ್ಲುಪ್ಪಾ? ಕಾರಟಗಿಯವರೇ, ದಯವಿಟ್ಟು ಇದನ್ನು ಮಾಡಬೇಡಿ. ಅಡ್ಮಿನ್, ಅಳಿಸಿ ಇದನ್ನು.

ಸಹಜ ಕೃಷಿ ಬಂಧು: ಸುಮ್ಮನೆ ಬಂದದ್ದು ಕಳಿಸಿದೆ ಮೇಡಂ. ನನ್ನ ಪ್ರಕಾರ ಸುಡುವುದೇ ತಪ್ಪು. ಸೋಗೆ, ದಂಟು ಮುಚ್ಚಿಗೆ ಹಾಕಿದರೆ ಸಾಕು.

ಕೊಪ್ಪ ಅಡಿಕೆ: ನಿಮ್ಮ ಮುಚ್ಚಿಗೆ ನಮ್ಮ ಮಳೆಗೆ ಒಂದು ವರ್ಷದಲ್ಲಿ ಕರಗುತ್ತೆ ಸ್ವಾಮಿ. ಇದ್ದಿಲು ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ.

ಸಹಜ ಕೃಷಿ ಬಂಧು: ಹೊಗೆ ಯಾರು ಕುಡಿಯೋದು? ನಿಮ್ಮ ಮೊಮ್ಮಕ್ಕಳಾ?

ಕೊಪ್ಪ ಅಡಿಕೆ: ಗುಂಡಿ ಕೋನ್ ಆಕಾರಕ್ಕೆ ತೋಡಿ ಮೇಲಿಂದ ಬೆಂಕಿ ಕೊಟ್ಟರೆ ಜ್ವಾಲೆಯೇ ಹೊಗೆ ಸುಡುತ್ತೆ. ಮಾಡಿ ನೋಡಿದ ಮೇಲೆ ಮಾತಾಡಿ.

ಶಿರಾ ಕಡ್ಲೆಕಾಯಿ: ಅಣ್ಣಂದಿರಾ, ಬೇರೆ ಕಡೆ ಜಗಳ ಆಡಿ. ಮೇಡಂ, ಕಳೆನಾಶಕ ಹೊಡೆಯೋ ಹೊಲಕ್ಕೆ ತೊಂದರೆ ಇಲ್ಲವಾ?

ಮೇಡಂ: ಇದೆ. ಮಣ್ಣಿಗೆ ಹೊಡೆಯುವ ಔಷಧಿಯನ್ನು ಇದ್ದಿಲು ಹೀರಿಕೊಂಡು ಅದರ ಕೆಲಸ ಕೆಡಿಸಬಹುದು. ಜಗಳ ಆಡುವವರಿಗೆ: ಒಣ ಕಡ್ಡಿ ಇರಲಿ, ಕೊನೆಗೆ ನೀರು ಸುರಿದು ಪೂರ್ತಿ ಆರಿಸಿ, ದೂಳು ಏಳದ ಹಾಗೆ ಒದ್ದೆ ಮಾಡಿ ಪುಡಿ ಮಾಡಿ. ಹಸಿ ಸೋಗೆ ಹೊಗೆಯಾಡಿಸಿದರೆ ಟಾರು ಉಳಿಯುತ್ತೆ. ಒದ್ದೆ ಕೈಯಲ್ಲಿ ಉಜ್ಜಿ, ಬರೀ ನೀರಿಗೆ ಮಸಿ ಹೋಗದೆ ಜಿಡ್ಡು ಅಂಟಿದರೆ ಸರಿಯಾಗಿ ಸುಟ್ಟಿಲ್ಲ.

ಮೂಡಿಗೆರೆ ಕಾಫಿ: ಇದ್ದಿಲು ಹಾಕಿ ಇಂಗಾಲ ಮಣ್ಣಲ್ಲಿ ಉಳಿಸಿದ್ದಕ್ಕೆ ಕಾರ್ಬನ್ ದುಡ್ಡು ಕೊಡ್ತೀವಿ ಅಂತ ಏಜೆಂಟರು ಬಂದಿದ್ದಾರೆ. ಸಹಿ ಹಾಕಬಹುದಾ?

ಚಿಂತಾಮಣಿ ಟೊಮೆಟೊ: ಅಮೆಜಾನ್ ಕಾಡಿನ ಕಪ್ಪು ಮಣ್ಣು ಇದರಿಂದಲೇ ಅಂತೆ. ಹಾಗಾದರೆ ಎಲ್ಲಾ ಮಣ್ಣಿಗೂ ಒಳ್ಳೆಯದೇ ಅಲ್ವಾ? ಎಕರೆಗೆ ಎಷ್ಟು ಅಂತ ಹೇಳಲೇ ಇಲ್ಲ.

ಮೇಡಂ: ಅಲ್ಲಿಯದು ಮಳೆಗೆ ಸಾರ ಕಳೆದುಕೊಂಡ ಹುಳಿ ಮಣ್ಣು. ಇದ್ದಿಲಿನ ಜೊತೆ ಮೂಳೆ, ಮಡಕೆ ಚೂರು, ಊರಿನ ಕಸ ಎಲ್ಲಾ ತಲೆತಲಾಂತರದಿಂದ ಬಿದ್ದಿತ್ತು. ಎಕರೆಯ ಲೆಕ್ಕ ಮೂರನೇ ಸಲ ಬರೆಯೋಲ್ಲ.

ಚಿಂತಾಮಣಿ ಟೊಮೆಟೊ: ಇಷ್ಟಕ್ಕೆಲ್ಲಾ ಸಿಟ್ಟು ಯಾಕೆ. ರೈತರಿಗೋಸ್ಕರ ತಾನೆ ಈ ಗ್ರೂಪ್.

ಕಾರಟಗಿ ನೆಲ್ಲು: ಮೇಡಂರೀ, ಬಸಿಗಾಲುವಿ ಹೂಳು ತುಂಬೇತಿ. ಬ್ಯಾಸಿಗ್ಯಾಗ ಬೋರಿನ ನೀರೂ ಬಿಡ್ತೀವಿ, ಉಪ್ಪುಪ್ಪು ಅದಾವು. ಬೂದಿ ನೀರಾಗ ಕಲಸಿ ಮಗನ ಕಾಲೇಜಿನ ಪಿಎಚ್ ಪಟ್ಟಿ ಅದ್ದಿದ್ವಿ, 10 ತೋರಿಸ್ತು.

ಮೇಡಂ: ಹಾಗಿದ್ದರೆ ಆ ಎರಡು ಟ್ರ್ಯಾಲಿ ವಾಪಸ್ ಕಳಿಸಿ, ದುಡ್ಡು ಕೊಟ್ಟಿದ್ದರೆ ಕೇಳಿ ಇಸಕೊಳ್ಳಿ. ಬೋರಿನ ನೀರನ್ನು ಒಂದು ಲೀಟರ್ ಬಾಟಲಿಯಲ್ಲಿ ಮಣ್ಣಿನ ಜೊತೆ ಪರೀಕ್ಷೆಗೆ ಕೊಡಿ. ಹೂಳು ತೆಗೆಸೋದು ನಿಮ್ಮೊಬ್ಬರ ಕೈಯಲ್ಲಿ ಆಗೋಲ್ಲ, ಕೆಳಗಿನ ಗದ್ದೆಯವರನ್ನೂ ಕರೆದುಕೊಂಡು ನೀರಾವರಿ ಕಚೇರಿಗೆ ಅರ್ಜಿ ಕೊಡಿ. ಜಿಂಕ್ ನಾಳೆ ಬೆಳಗ್ಗೆ ಬಿಸಿಲೇರುವ ಮುಂಚೆ ಹೊಡೆಯಿರಿ. ಒಂದು ವಾರ ಬಿಟ್ಟು ಹೊಸ ಎಲೆಯ ಫೋಟೊ ನನಗೆ ನೇರ ಕಳಿಸಿ, ಇಲ್ಲಿ ಬೇಡ.